ತಲೆ ನೋಡಿ ಮೋಸ ಹೋಗಬೇಡಿ, ರೆಕ್ಕೆಯ ತುದಿ ನೋಡಿ

2023ರ ಮುಂಗಾರು ಕೈಕೊಟ್ಟಿತು. ನಮ್ಮ ನಾಲ್ಕು ಎಕರೆ ಸಜ್ಜೆ ಮೊಣಕಾಲುದ್ದ ಬಂದು ಒಣಗಿತು. ಕೊಪ್ಪಳ ಕಡೆಯ ಎಷ್ಟೋ ಹುಡುಗರಂತೆ ನನ್ನ ಮಗನೂ ಮಲ್ಪೆಗೆ ಬೋಟಿನ ಕೆಲಸಕ್ಕೆ ಹೋದ. ಹೋಗುವಾಗ ನನ್ನ ಸಂಗಡ ಮಾತಿರಲಿಲ್ಲ. ಅವನು ಬೇಡವೆಂದರೂ ಸಾಲ ಮಾಡಿ ಬೋರು ಕೊರೆಸಿದ್ದೆ, ನೀರು ಬೀಳಲಿಲ್ಲ.

2024ರ ಜನವರಿಯಲ್ಲಿ ಅವನನ್ನು ನೋಡಲು ಹೋದೆ. ಬಂದರಿನಲ್ಲಿ ಇಬ್ಬರೂ ಸುಮ್ಮನೆ ಕುಂತಿದ್ದೆವು. ಮೀನು ಇಳಿಸುವ ಬೋಟಿನ ಸುತ್ತ ಬಿಳಿ ಹಕ್ಕಿಗಳ ಗದ್ದಲ. ಮಾತು ತೆಗೆಯಬೇಕಲ್ಲ, "ಇಲ್ಲಿ ಎಷ್ಟು ನಮೂನಿ ಹಕ್ಕಿ ಅದಾವಪಾ? ನನಗ ಮೂರು ಕಾಣ್ತಾವ" ಅಂದೆ.

"ಎರಡ ಅಪ್ಪಾ. ರೆಕ್ಕಿ ಮ್ಯಾಲ ಕಂದು ಮಚ್ಚಿ, ಬಾಲದ ತುದಿಗೆ ಕರಿ ಪಟ್ಟಿ ಇರೋವು ಬ್ಯಾರೆ ಜಾತಿ ಅಲ್ಲ, ಮರಿ" ಅಂದ. ದುರ್ಬೀನು ಹಿಡಿದು ಬರುವ ಕಾಲೇಜು ಹುಡುಗರಿಂದ ಕಲಿತಿದ್ದನಂತೆ. ಹೋರಿಯ ಹಲ್ಲು ನೋಡಿ ವಯಸ್ಸು ಹೇಳುವ ನಾನು ಇಲ್ಲಿ ಸೋತೆ!

ಅಲ್ಲಿ ಹೆಚ್ಚಿದ್ದದ್ದು ಕಂದುತಲೆಯ ಕಡಲಹಕ್ಕಿ. ಗಾತ್ರ ಸುಮಾರು ಕಾಗೆಯಷ್ಟು. ಬೆನ್ನು ಬೂದಿ ಬಣ್ಣ, ಹೊಟ್ಟೆ ಬಿಳಿ, ಕಾಲು ಕೆಂಪು, ಕೆಂಪು ಕೊಕ್ಕಿನ ತುದಿ ಕಪ್ಪು. ಹೆಸರು ಕಂದುತಲೆ, ಆದರೆ ಚಳಿಗಾಲದಲ್ಲಿ ತಲೆ ಬೆಳ್ಳಗೇ ಇರುತ್ತದೆ. ಕಣ್ಣಿನ ಹಿಂದೆ ದೃಷ್ಟಿಬೊಟ್ಟಿನಂಥ ಕರಿ ಮಚ್ಚೆ ಮಾತ್ರ. ಇನ್ನೊಂದು ಕರಿತಲೆಯದು, ಸ್ವಲ್ಪ ಸಣ್ಣದು. ಅದಕ್ಕೂ ಇದೇ ಬೊಟ್ಟು! ಬೇಸಿಗೆಯಲ್ಲಿ ಅದರ ತಲೆಯೂ ಕಪ್ಪಲ್ಲ, ಗಾಢ ಕಂದು. ಹೆಸರಿಟ್ಟವರು ಯಾರೋ ಏನೋ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಹಾರುವಾಗ ರೆಕ್ಕೆಯ ತುದಿ ನೋಡಬೇಕು. ಬೆಳೆದ ಕಂದುತಲೆಯದಕ್ಕೆ ತುದಿ ಅಗಲಕ್ಕೆ ಕಪ್ಪಾಗಿದ್ದು, ಆ ಕಪ್ಪಿನೊಳಗೆ ಬಿಳಿ ಚುಕ್ಕೆ ಇರುತ್ತದೆ. ಕರಿತಲೆಯದಕ್ಕೆ ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬಿಳಿ ಪಟ್ಟಿ, ತುದಿಗೆ ಸೀರೆಯ ಅಂಚಿನಷ್ಟು ಕಪ್ಪು. ಚುಕ್ಕೆ ಇಲ್ಲ. ಕೂತಿದ್ದಾಗ ಕಣ್ಣು ನೋಡಿ: ಬೆಳೆದ ಕಂದುತಲೆಯದರ ಕಣ್ಣು ತಿಳಿ ಬಣ್ಣ, ಕರಿತಲೆಯದರದು ಕಪ್ಪು. ಮರಿಗಳಲ್ಲಿ ಈ ಗುರುತು ನಡೆಯುವುದಿಲ್ಲ. ಅವುಗಳ ಕಣ್ಣೂ ಕಪ್ಪೇ, ರೆಕ್ಕೆಯ ಬಿಳಿ ಚುಕ್ಕೆಯೂ ಇನ್ನೂ ಮೂಡಿರುವುದಿಲ್ಲ.

ಕಂದುತಲೆಯವು ಮರಿ ಮಾಡುವುದು ಲಡಾಖ್, ಟಿಬೆಟಿನ ಎತ್ತರದ ಸರೋವರಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಹೊಟ್ಟೆಪಾಡಿಗೆ ನಮ್ಮ ಕಡಲಿಗೆ ಬರುತ್ತವೆ. ಒಳನಾಡಿನ ದೊಡ್ಡ ಜಲಾಶಯಗಳಿಗೂ ಬರುವುದುಂಟು, ಅಲ್ಲೇ ನೋಡಬಹುದು.

"ತಲಿ ಕಂದು ಆತಂದ್ರ ಹೋಗೂ ಕಾಲ ಬಂತಂತ ಅರ್ಥ" ಅಂದ ಮಗ. ಸಂಜೆತನಕ ಮಾತಾಡಿದೆವು. ಬೋರಿನ ಸುದ್ದಿ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಮಾರ್ಚ್ ಕೊನೆಗೆ ಫೋನು ಬಂತು. "ಅಪ್ಪಾ, ತಲಿ ಕಂದು ಆಗ್ಯಾವ."

"ನೀ ಯಾವಾಗ ಬರ್ತೀಯಪಾ?" ಅಂದೆ.

ಜೂನ್, ಜುಲೈ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬಿತ್ತಿಗೆಗೆ ಬಂದ. ಆಗಸ್ಟಿನಲ್ಲಿ ಮತ್ತೆ ಹೋದ.