ಗೆಣಸಿನ ಆಹಾರಗುಣ

ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿಗಳೊಡನೆ ಬೇಯಿಸಿದ ಗೆಣಸನ್ನು ತಿನ್ನುವುದು ಹಳೆಯ ಮೈಸೂರು ಸೀಮೆಯ ವಾಡಿಕೆ. ಶಿವರಾತ್ರಿಯ ಉಪವಾಸದಲ್ಲಿಯೂ ಇದಕ್ಕೆ ಸ್ಥಾನವುಂಟು. ಹಬ್ಬ ಕಳೆದೊಡನೆ ಇದನ್ನು ಬಡವರ ತಿಂಡಿಯೆಂದು ಕಡೆಗಣಿಸುವವರೇ ಹೆಚ್ಚು. ಈ ಉದಾಸೀನವು ಸರಿಯಲ್ಲ.

100 ಗ್ರಾಂ ಹಸಿ ಗೆಣಸಿನಲ್ಲಿ ಪಿಷ್ಟ, ಸಕ್ಕರೆ, ನಾರುಗಳು ಕೂಡಿ ಸುಮಾರು 20 ಗ್ರಾಂ ಇರುತ್ತವೆ. ಇದರಲ್ಲಿ ನಾರು 3 ಗ್ರಾಂನಷ್ಟಿದ್ದು, ಮಲಬದ್ಧತೆಯನ್ನು ನಿವಾರಿಸಲು ಸಹಾಯಕವಾಗುತ್ತದೆ. ಮಾಂಸಪೋಷಕ ವಸ್ತುವು ಒಂದೂವರೆ ಗ್ರಾಂನಷ್ಟು ಮಾತ್ರವಾದ್ದರಿಂದ, ಗೆಣಸಿನೊಡನೆ ಬೇಳೆಕಾಳುಗಳನ್ನೂ ಹಾಲನ್ನೂ ಸೇವಿಸತಕ್ಕದ್ದು.

ತಿರುಳಿನ ಬಣ್ಣದ ವಿಷಯದಲ್ಲಿ ವಾಚಕರು ವಿಶೇಷವಾಗಿ ಲಕ್ಷ್ಯವಿಡಬೇಕು. ಸಿಪ್ಪೆ ಕೆಂಪಾಗಿದ್ದರೂ ತಿರುಳು ಬಿಳಿಯಾಗಿರುವ ಗೆಣಸಿನಲ್ಲಿ 'ಎ' ಜೀವಸತ್ವವನ್ನು ಒದಗಿಸುವ ಕ್ಯಾರೊಟೀನು ಅತ್ಯಲ್ಪ. ಕಿತ್ತಳೆ ಬಣ್ಣದ ತಿರುಳಿನಲ್ಲಿ ಅದು ಹೇರಳವಾಗಿದೆ. ಈ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಉಂಟಾಗಿ, ಅಲಕ್ಷಿಸಿದರೆ ದೃಷ್ಟಿಯೇ ನಷ್ಟವಾಗಬಹುದು. ಬೇಯಿಸಿದ ಈ ಜಾತಿಯ ಗೆಣಸು ದಿನಕ್ಕೆ ಸುಮಾರು 125 ಗ್ರಾಂ ದೊರೆತರೆ ಚಿಕ್ಕ ಮಗುವಿಗೆ ಬೇಕಾದ ಈ ಜೀವಸತ್ವವು ಸಾಮಾನ್ಯವಾಗಿ ಒದಗುತ್ತದೆ. ಆಫ್ರಿಕಾ ಖಂಡದಲ್ಲಿ ಇಂಥ ಗೆಣಸನ್ನು ಪ್ರಚಾರಕ್ಕೆ ತಂದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿಯು ಸಂದಿತು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರ 'ಭೂ ಸೋನಾ' ಎಂಬುದು ಈ ವರ್ಗದ ತಳಿ. ಆದರೆ ಇರುಳುಗಣ್ಣು ಈಗಾಗಲೇ ಕಾಣಿಸಿಕೊಂಡಿದ್ದರೆ ಗೆಣಸನ್ನೇ ನಂಬಿ ಕೂಡದೆ ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು.

"ಗೆಣಸು ತಿಂದರೆ ವಾಯುವಾಗುವುದಿಲ್ಲವೇ, ಸ್ವಾಮಿ?" ಎಂದು ಸಂಚಾರಕಾಲದಲ್ಲಿ ರೈತರು ಕೇಳುವುದುಂಟು. ಅರೆಬೆಂದುದನ್ನು ಅತಿಯಾಗಿ ತಿಂದರೆ ಆಗಬಹುದು. ಚೆನ್ನಾಗಿ ಬೆಂದುದನ್ನು ಮಿತವಾಗಿ ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗೆಡ್ಡೆಯನ್ನು ತೊಳೆದು, ಸಿಪ್ಪೆಸಹಿತ ಮುಚ್ಚಿದ ಪಾತ್ರೆಯಲ್ಲಿ ಬೇಯಿಸುವುದು ಉತ್ತಮ. ಕ್ಯಾರೊಟೀನು ಜಿಡ್ಡಿನೊಡನೆ ಮೈಗೂಡುವುದರಿಂದ ತುಸು ತುಪ್ಪವನ್ನಾಗಲಿ ಎಣ್ಣೆಯನ್ನಾಗಲಿ ಕೂಡಿಸಬೇಕು. ಮಧುಮೇಹವುಳ್ಳವರು ಇದನ್ನು ಅನ್ನಮುದ್ದೆಗಳ ಜೊತೆಗೆ ಹೆಚ್ಚಾಗಿ ತಿನ್ನದೆ, ಅವುಗಳಲ್ಲಿ ಒಂದಂಶವನ್ನು ಕಡಮೆ ಮಾಡಿ ತಿನ್ನತಕ್ಕದ್ದು.

ಮೂತಿಹುಳು ಕೊರೆದ, ಬೂಷ್ಟು ಹಿಡಿದ ಗೆಡ್ಡೆಗಳಲ್ಲಿ ಕಹಿಯಾದ ವಿಷವಸ್ತುಗಳು ಹುಟ್ಟುತ್ತವೆ. ಬೇಯಿಸಿದರೂ ಅವು ಪೂರ್ಣವಾಗಿ ಹೋಗುವುದಿಲ್ಲ. ಇಂಥವನ್ನು ಮನುಷ್ಯರು ತಿನ್ನಕೂಡದು. ದನಗಳ ಶ್ವಾಸಕೋಶಕ್ಕೆ ಅಪಾಯವಾದುದರಿಂದ ಅವುಗಳಿಗೂ ಹಾಕಕೂಡದು.

ಮಾರಾಟಕ್ಕೆ ಬಿಳಿಯ ಗೆಣಸನ್ನು ಬೆಳೆಯುವ ರೈತರು ಮನೆಯ ಮಕ್ಕಳಿಗಾಗಿ ಹೊಲದ ಒಂದೆರಡು ಸಾಲುಗಳಲ್ಲಿ ಕಿತ್ತಳೆ ತಿರುಳಿನ ಬಳ್ಳಿಯನ್ನು ನೆಟ್ಟುಕೊಳ್ಳಲಿ. ಸುಮಾರು ನಾಲ್ಕು ತಿಂಗಳಲ್ಲಿ ಗೆಡ್ಡೆಯು ಕೈಗೆ ಬರುತ್ತದೆ. ಬಳ್ಳಿಯು ದನಗಳಿಗೆ ಒಳ್ಳೆಯ ಮೇವಾಗುತ್ತದೆ.