ಮಂತ್ರದವರ ಮನೆ ಹತ್ತಿರ, ಆಸ್ಪತ್ರೆ ದೂರ

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು ಒಂದು ದೊಡ್ಡ ಅಧ್ಯಯನದ ಅಂದಾಜು. ಹೆಚ್ಚಿನವರು ಹಳ್ಳಿಯವರು, ಆಸ್ಪತ್ರೆ ಮುಟ್ಟದೆ ಹೋದವರೇ ಬಹಳ. ಮೂಢನಂಬಿಕೆಯೇ ಕಾರಣ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಡುರಾತ್ರಿ ಕಾಡಂಚಿನ ಹಾಡಿಯಲ್ಲಿ ಬಾಗಿಲು ತಟ್ಟಿದರೆ ಎದ್ದು ಬರುವವರು ಮಂತ್ರ ಹಾಕುವ ನಾಟಿ ವೈದ್ಯರು. ಬಸ್ಸಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಹೇಗೋ ಹತ್ತಿರದ ಆಸ್ಪತ್ರೆಗೆ ಬಂದರೂ ಔಷಧಿ ಇರುತ್ತದೆಂಬ ಖಾತ್ರಿಯಿಲ್ಲ. ನಂಬಿಕೆ ಬೇರು ಬಿಡುವುದು ಈ ಖಾಲಿ ಜಾಗದಲ್ಲೇ.

ಮಂತ್ರದಿಂದ ಬದುಕಿದವರಿದ್ದಾರಲ್ಲ ಅನ್ನಬಹುದು. ಇದ್ದಾರೆ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ಹಲ್ಲೂರಿ ವಿಷ ಬಿಡದೆ ಹೋಗುತ್ತದೆ. ಆ ಜೀವಗಳೆಲ್ಲ ಮಂತ್ರದ ಲೆಕ್ಕಕ್ಕೆ ಸೇರುತ್ತವೆ. ಆದರೆ ಕೊಳಕುಮಂಡಲದ ವಿಷ ಏರಿದವರ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಿದರೆ, ಹೆಪ್ಪುಗಟ್ಟದೆ ನೀರಿನಂತೆ ಹರಿಯುತ್ತದೆ. ಅದಕ್ಕೆ ಬೇಕಾದದ್ದು ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷ. ಬೇರಲ್ಲ, ಕಲ್ಲಲ್ಲ, ಬಿಗಿದು ಕಟ್ಟಿದ ಹಗ್ಗವಂತೂ ಅಲ್ಲವೇ ಅಲ್ಲ.

2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು, ಒಳ್ಳೆಯ ಹೆಜ್ಜೆ. ಲೆಕ್ಕ ಸಿಕ್ಕ ಕಡೆಗೆ ಔಷಧಿಯೂ ತಲುಪಬೇಕು. ನಾಟಿ ವೈದ್ಯರನ್ನು ಬೈದು ದೂರವಿಟ್ಟರೆ ಜನ ಗುಟ್ಟಾಗಿ ಅವರ ಬಳಿಗೇ ಹೋಗುತ್ತಾರೆ. ಅವರು ಮಂತ್ರ ಹೇಳಲಿ, ಧೈರ್ಯ ತುಂಬಲಿ. ಆದರೆ 108ರ ಗಾಡಿಯೊಳಗೆ, ರೋಗಿಯ ಪಕ್ಕ ಕೂತು, ಕಚ್ಚಿದ ಕಾಲು ಅಲುಗದಂತೆ ಹಿಡಿದುಕೊಂಡು.