ನೋಂದಣಿಯಾದರೆ ಸಾಕೇ?

ಕಂದಾಯ ಕಡತಗಳ ನಡುವೆಯೇ ಸೇವೆ ಮುಗಿಸಿದ ನಾನು ನಿವೃತ್ತಿಯ ಬಳಿಕ ಎರಡು ಎಕರೆ ಜಮೀನು ಕೊಂಡು ಎಡವಿದೆ. ಪಹಣಿಯಲ್ಲಿ ಮಾರಿದವರದೇ ಹೆಸರು. ಹದಿನೈದು ವರ್ಷಗಳ ಋಣಭಾರ ಪ್ರಮಾಣಪತ್ರವೂ ನಿರ್ಮಲ. ಮೂರನೆಯ ವರ್ಷ ಉಪವಿಭಾಗಾಧಿಕಾರಿಗಳ ನೋಟಿಸು ಬಂತು: ಅದು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಹಿಂದೆಂದೋ ಮಂಜೂರು ಮಾಡಿದ್ದ ಭೂಮಿ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಇಂಥ ಜಮೀನಿನ ಪರಭಾರೆ 1978ರ ಕಾಯ್ದೆಯಂತೆ ಅಸಿಂಧು. ವಿಳಂಬವಾಗಿ ಸಲ್ಲಿಸಿದ ಅರ್ಜಿಯನ್ನು ಪರಿಗಣಿಸಲಾಗದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ತಿದ್ದುಪಡಿ ಇಂಥ ಅರ್ಜಿಗೆ ಕಾಲಮಿತಿಯಿಲ್ಲವೆಂದಿತು.

ಉಪನೋಂದಣಾಧಿಕಾರಿ ಕ್ರಯಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಹಕ್ಕಿಗೆ ಹೊಣೆಯಾಗುವುದಿಲ್ಲ. ಮೂಲ ಮಂಜೂರಾತಿ ಕಡತ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲೇ ಇತ್ತು. ಅದನ್ನು ತರಿಸಿ ನೋಡಬೇಕೆಂದು ಇತರರಿಗೆ ಹೇಳುತ್ತಿದ್ದವನು ನಾನೇ!

ವಿಚಾರಣೆಯ ದಿನ ಮಂಜೂರುದಾರರ ಮಗಳನ್ನು ಕಂಡೆ. ಸಾಲ ತೀರಿಸಲು ತಂದೆ ಬಿಟ್ಟುಕೊಟ್ಟ ನೆಲವನ್ನು ಆಕೆ ಕೇಳುತ್ತಿದ್ದರು. ಆದೇಶ ಆಕೆಯ ಪರವಾಗಿದೆ. ಜಿಲ್ಲಾಧಿಕಾರಿಗಳಿಗೆ ಸಲ್ಲಿಸಬೇಕಾದ ಮೇಲ್ಮನವಿಯನ್ನು ವಕೀಲರು ಸಿದ್ಧಪಡಿಸಿಟ್ಟಿದ್ದಾರೆ. ನಾನಿನ್ನೂ ಸಹಿ ಹಾಕಿಲ್ಲ.